ಗೋಡೆ ಮೊದಲು, ಚಿತ್ತಾರ ಆಮೇಲೆ: ಮಲೆನಾಡಿನ ಒಂದು ಸಮುದಾಯ ಭವನದ ಪ್ರಕರಣ

ಹಿನ್ನೆಲೆ

ಈ ಪ್ರಕರಣ ಸಾಗರ ತಾಲ್ಲೂಕಿನ ಒಂದು ಊರಿನದು. ಊರಿನ ಹೆಸರು, ಜನರ ಹೆಸರು ಬಿಟ್ಟಿದೆ. ಭವನಕ್ಕೆ ಜಂಬಿಟ್ಟಿಗೆ ಕಲ್ಲಿನ ತಳಪಾಯ, ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಆರ್‌ಸಿಸಿ, ಅದರ ಮೇಲೆ ಮಳೆಗೆಂದು ಶೀಟಿನ ಇಳಿಜಾರು ಮಾಡು. ಪೂರ್ವಕ್ಕೆ ಮುಖ. ಮುಂದೆ ಐದೂವರೆ ಅಡಿ ಅಗಲದ ಜಗಲಿ. ಒಳಗೆ ಸಭಾಂಗಣ, ವೇದಿಕೆ, ಹಿಂದುಗಡೆ ಅಡುಗೆಮನೆ. ಮದುವೆ, ಗ್ರಾಮಸಭೆ, ಸಂಘದ ಲೆಕ್ಕಪತ್ರದ ಸಭೆ, ಲಸಿಕೆ ಶಿಬಿರ, ಎಲ್ಲ ಅಲ್ಲೇ.

ಭವನದ ಮೇಲೆ ಊರಿನದೇ ಆದ ಚಿತ್ರ ಇರಬೇಕು ಎಂದು ಪಂಚಾಯಿತಿ ಸಭೆಯಲ್ಲಿ ಠರಾವಾಯಿತು. ಮೊದಲು ಬಂದ ಮಾದರಿ ಮಾತ್ರ ಊರಿನದಾಗಿರಲಿಲ್ಲ. ಪೇಂಟಿಂಗ್ ಗುತ್ತಿಗೆದಾರರು ಮೊಬೈಲಿನಲ್ಲಿ ತೋರಿಸಿದ್ದು ವಾರ್ಲಿ. ಅದು ಮಹಾರಾಷ್ಟ್ರ–ಗುಜರಾತ್ ಗಡಿಯ ಆದಿವಾಸಿಗಳ ಚಿತ್ರ. ಕೆಂಪು ನೆಲದ ಮೇಲೆ ಬಿಳಿ ಗೆರೆ ಇರುವುದರಿಂದ ದೂರದಿಂದ ನೋಡಿದವರಿಗೆ ವಾರ್ಲಿಯೂ ಇಲ್ಲಿನ ಹಸೆ ಚಿತ್ತಾರವೂ ಒಂದೇ ಎನಿಸುತ್ತದೆ. ನಮ್ಮ ಕಡೆಯ ಶಾಲೆ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ವಾರ್ಲಿ ಕುಣಿಯುತ್ತಿರುವುದಕ್ಕೆ ಕಾರಣ ಇಷ್ಟೇ: ಅಚ್ಚು ಸುಲಭವಾಗಿ ಸಿಗುತ್ತದೆ. ಪಕ್ಕದ ಕೇರಿಯ ದೀವರ ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರ ಇದೆಯಲ್ಲ ಎಂದು ಒಬ್ಬ ಸದಸ್ಯೆ ಎದ್ದು ಹೇಳಿದ ಮೇಲೆ ಚರ್ಚೆ ದಾರಿಗೆ ಬಂತು.

ಹಸೆ ಚಿತ್ತಾರ ಗೊತ್ತಿಲ್ಲದವರಿಗೆ ಎರಡು ಮಾತು. ಸಾಗರ, ಸೊರಬ, ಹೊಸನಗರ ಕಡೆಯ ದೀವರ ಹೆಂಗಸರು ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಬರೆಯುವ ಚಿತ್ರ ಇದು. ಇಲ್ಲಿ ಚಿತ್ತಾರ ‘ಬಿಡಿಸುವುದಿಲ್ಲ’, ‘ಬರೆಯುತ್ತಾರೆ’. ಬಿಳಿಗೆ ಅಕ್ಕಿ ನೆನೆಸಿ ಅರೆದ ಹಿಟ್ಟು, ಕಪ್ಪಿಗೆ ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಮದುವೆಯಲ್ಲಿ ಬರೆಯುವುದು ಮದುಮಕ್ಕಳು ಕೂರುವ ಹಸೆಗೋಡೆಯ ಮೇಲೆ, ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಯಲ್ಲಿ ಬುಟ್ಟಿಯ ಮೇಲೆ. ಗಮನಿಸಬೇಕಾದ್ದು ಒಂದೇ: ಇದು ಸೂರಿನ ಕೆಳಗೆ, ಉಸಿರಾಡುವ ಮಣ್ಣಿನ ಗೋಡೆಯ ಮೇಲೆ, ಒಂದು ಸಂದರ್ಭಕ್ಕೆಂದು ಬರೆಯುವ ಚಿತ್ರ. ಮುಂದಿನ ಮದುವೆಗೆ ಮತ್ತೆ ಸಾರಿಸುತ್ತಾರೆ, ಮತ್ತೆ ಬರೆಯುತ್ತಾರೆ. ಹತ್ತು ವರ್ಷ ಬಾಳಲಿ ಎಂದು ಯಾರೂ ಬರೆದದ್ದಲ್ಲ. ಈ ಪ್ರಕರಣದ ತಾಪತ್ರಯವೆಲ್ಲ ಹುಟ್ಟಿದ್ದು ಇಲ್ಲೇ.

ಮೊದಲ ಸಲ

ಆಯ್ದುಕೊಂಡ ಗೋಡೆ ರಸ್ತೆಗೆ ಕಾಣುವ ನೈಋತ್ಯದ ಪಕ್ಕದ್ದು. 24 ಅಡಿ ಉದ್ದ, 9 ಅಡಿ ಎತ್ತರ, ಒಟ್ಟು 216 ಚದರ ಅಡಿ. ಮೇಲಿನ ಸೂರು ಹೊರಚಾಚಿದ್ದು ಒಂದೂವರೆ ಅಡಿ ಮಾತ್ರ. ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು ಎಂಬುದೊಂದೇ ಆಯ್ಕೆಯ ಆಧಾರ. ಮಲೆನಾಡಿನಲ್ಲಿ ಮುಂಗಾರಿನ ಎರಚಲು ಹೊಡೆಯುವುದು ಆ ದಿಕ್ಕಿನಿಂದಲೇ ಎಂಬುದು ಮಕ್ಕಳಿಗೂ ಗೊತ್ತು. ಹಳೆ ಮನೆಗಳ ಆ ಪಕ್ಕಕ್ಕೆ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ.

ದರ ನಿಗದಿಯಲ್ಲಿ ಎರಡನೇ ತಪ್ಪು. ಸರ್ಕಾರಿ ದರಪಟ್ಟಿಯಲ್ಲಿ ಗೋಡೆಗೆ ಬಣ್ಣ ಹೊಡೆಯುವುದಕ್ಕೆ ದರ ಸಿಗುತ್ತದೆ, ಚಿತ್ತಾರ ಬರೆಯುವುದಕ್ಕೆ ಸಿಗುವುದಿಲ್ಲ. ಹಾಗಾಗಿ ಅಂದಾಜು ಪಟ್ಟಿಯಲ್ಲಿ ಇದು ‘ಅಲಂಕಾರಿಕ ಪೇಂಟಿಂಗ್’ ಆಗಿ ಕುಳಿತಿತು, ಚದರ ಅಡಿಗೆ 150 ರೂಪಾಯಿ. ಕೆಲಸ ಪೇಂಟಿಂಗ್ ಗುತ್ತಿಗೆದಾರರಿಗೆ ಹೋಯಿತು, ಬಿಲ್ಲು 32,400 ರೂಪಾಯಿ. ಅವರು ಕೇರಿಯ ನಾಲ್ವರು ಹೆಂಗಸರನ್ನು ದಿನಕ್ಕೆ 400 ರೂಪಾಯಿ ಕೂಲಿಯಂತೆ ಎಂಟು ದಿನ ಕರೆಸಿದರು. ಬರೆದವರ ಕೈಗೆ ಬಂದದ್ದು ಒಟ್ಟು 12,800.

ಚದರ ಅಡಿಯ ಲೆಕ್ಕ ಚಿತ್ತಾರಕ್ಕೆ ಯಾಕೆ ಹೊಂದುವುದಿಲ್ಲ ಎಂದು ತಂಡದ ಹಿರಿಯಳು ಎಂಜಿನಿಯರಿಗೆ ಆಗಲೇ ಹೇಳಿದ್ದಳು: “ಸಾಹೇಬ್ರೆ, ಒಂದ್ ಅಡೀಲಿ ಮೂರು ಎಳೆನೂ ಎಳೀಬೌದು, ಮೂವತ್ತು ಎಳೆನೂ ಎಳೀಬೌದು. ನಿಮಗೆ ಯಾವ್ದು ಬೇಕು?” ದರ ಅಡಿಗಾದರೆ ಬರೆಯುವವರು ಖಾಲಿ ಜಾಗ ಬಿಟ್ಟೇ ಬಿಡುತ್ತಾರೆ. ತಪ್ಪು ಅವರದಲ್ಲ. ಆ ಗೋಡೆಯ ಮೇಲೆ ಆದದ್ದೂ ಅದೇ. ಅಂಚಿನ ಪಟ್ಟಿ ಮಾತ್ರ ಒತ್ತಾಗಿ ಬಂತು, ನಡುವೆ ಬಯಲು.

ಉದ್ಘಾಟನೆ ಮೇ ಕೊನೆಯ ವಾರ. ಚಿತ್ತಾರ ಶುರುವಾದ ದಿನ ಗಾರೆಗೆ 19 ದಿನ ಆಗಿತ್ತು. ಅಕ್ಕಿ ಹಿಟ್ಟು, ಕೆಮ್ಮಣ್ಣು, ಅದಕ್ಕೆ ‘ಹಿಡಿದುಕೊಳ್ಳಲಿ’ ಎಂದು ಸ್ವಲ್ಪ ಫೆವಿಕಾಲ್. ಉದ್ಘಾಟನೆಯ ಫೋಟೊಗಳಲ್ಲಿ ಗೋಡೆ ಚೆನ್ನಾಗಿಯೇ ಕಾಣುತ್ತದೆ.

ಏನು ಕೆಟ್ಟಿತು

ಆಗಸ್ಟ್ ಹೊತ್ತಿಗೆ ಗೋಡೆಯ ಮೇಲೆ ಮೂರು ಬೇರೆ ಬೇರೆ ಕಾಯಿಲೆ ಇದ್ದವು. ಎಲ್ಲವನ್ನೂ ‘ಮಳೆಗೆ ಹೋಯ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮುಂದಿನ ಸಲವೂ ಅದೇ ಆಗುತ್ತದೆ. ಆದ್ದರಿಂದ ಬಿಡಿಸಿ ನೋಡಬೇಕು.

ನೆಲದಿಂದ ಎರಡೂವರೆ ಅಡಿಯವರೆಗೆ ಬಿಳಿ ಹುಡಿ ಎದ್ದು ಕೆಮ್ಮಣ್ಣು ಹೊಟ್ಟಿನಂತೆ ಉದುರುತ್ತಿತ್ತು. ಇದು ಉಪ್ಪು. ತಳಪಾಯದ ಮೇಲೆ ತೇವ ತಡೆಯುವ ಪದರ ಸರಿಯಾಗಿ ಹಾಕಿರಲಿಲ್ಲ. ನೆಲದ ನೀರು ಗೋಡೆಯೊಳಗೆ ಏರಿ, ಸಿಮೆಂಟಿನ ಲವಣ ಕರಗಿಸಿಕೊಂಡು ಹೊರಮೈಗೆ ಬಂದು ಒಣಗಿದಾಗ ಲವಣ ಹರಳುಗಟ್ಟಿ ಮೇಲಿನ ಪದರವನ್ನು ಎತ್ತಿ ಬಿಸಾಡುತ್ತದೆ. ಅಂಗಳದ ಕಾಂಕ್ರೀಟಿಗೆ ಬಿದ್ದು ಸಿಡಿಯುವ ಮಾಡಿನ ನೀರು ಇದಕ್ಕೆ ಜೊತೆ.

ನಡುಗೋಡೆಯ ಬಿಳಿ ಗೆರೆಗಳೆಲ್ಲ ಕಪ್ಪಾಗಿದ್ದವು, ಕೆಂಪು ನೆಲ ಅಷ್ಟು ಕಪ್ಪಾಗಿರಲಿಲ್ಲ. ಅಂದರೆ ಬೂಸ್ಟು ಹಿಡಿದದ್ದು ಅಕ್ಕಿಗೆ. ಅಕ್ಕಿ ಹಿಟ್ಟು ಬೂಸ್ಟಿಗೆ ಊಟ. ಒಲೆಯ ಹೊಗೆ, ಒಣಗಿದ ಗಾಳಿ ಇರುವ ಮನೆಯೊಳಗೆ ಅದು ಬದುಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಹೊರಗೋಡೆಯಲ್ಲಿ ಬದುಕುವುದಿಲ್ಲ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ. ಸಾಗರದ ಕಡೆ ಅಷ್ಟಿಲ್ಲದಿದ್ದರೂ ಬೂಸ್ಟಿಗೆ ಬೇಕಾದ್ದು ಮಳೆಯ ಮೊತ್ತವಲ್ಲ, ಬಿಡುವಿಲ್ಲದ ತೇವ.

ಮೂರನೆಯದು, ಮೇಲ್ಭಾಗದಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದದ್ದು. ಹಸಿ ಗಾರೆಯ ಕ್ಷಾರ ಇನ್ನೂ ಜೋರಾಗಿತ್ತು. ಗಾರೆಗೆ ಕನಿಷ್ಠ ಒಂದು ವಾರ ನೀರುಣಿಸಿ, ಆಮೇಲೆ ಒಣಗಲು ಬಿಟ್ಟು, ಒಟ್ಟು 28 ದಿನವಾದರೂ ಕಾದು ಪ್ರೈಮರ್ (ಬಣ್ಣಕ್ಕೆ ಮುಂಚಿನ ಲೇಪ) ಹೊಡೆಯುವುದು ವಾಡಿಕೆ. ಇಲ್ಲಿ ಅದರ ಮೂರನೇ ಎರಡು ಭಾಗವಷ್ಟೇ ಸಿಕ್ಕಿತ್ತು. ಜೊತೆಗೆ ಫೆವಿಕಾಲ್: ಮರದ ಕೆಲಸಕ್ಕೆಂದಿರುವ ಮಾಮೂಲಿ ಬಿಳಿ ಅಂಟು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ.

ಒಂದು ಮಳೆಗಾಲ ಕಾದದ್ದು

ಗೋಡೆ ನೋಡಿ ನಾಚಿಕೆಯಾಗಿ, ದಸರೆಯೊಳಗೆ ಮತ್ತೆ ಬರೆಸಿಬಿಡೋಣ ಎಂಬ ಒತ್ತಡ ಬಂತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಪ್ಪಲಿಲ್ಲ. ಗೋಡೆಗೆ ಒಂದು ಕೋಟ್ ಸುಣ್ಣ ಹೊಡೆಸಿ ಸುಮ್ಮನಿದ್ದರು. ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಣ ಉಳಿಸಿದ ತೀರ್ಮಾನ ಇದು. ಆ ಹೊತ್ತಿಗೆ ಅವರಿಗೆ ಸಿಕ್ಕಿದ್ದು ಮಾತ್ರ ಬೈಗುಳ.

ಆ ಬಿಡುವಿನಲ್ಲಿ ಭವನದ ಪ್ರತಿ ಗೋಡೆಯನ್ನೂ ಪರೀಕ್ಷಿಸಿದರು. ವಿಧಾನ ಸುಲಭದ್ದು. 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ 16 ಗಂಟೆ ಬಿಡುವುದು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಗೋಡೆ ಕಪ್ಪಿಟ್ಟಿದ್ದರೆ ಒಳಗಿನಿಂದ ತೇವ ಬರುತ್ತಿದೆ ಎಂದರ್ಥ. ಜಗಲಿಯ ಒಳಗೋಡೆ ಮಳೆಯಿಂದ ಸುರಕ್ಷಿತವಾಗಿದ್ದರೂ ಕೆಳಭಾಗದಲ್ಲಿ ಹನಿ ಬಂತು. ಅಲ್ಲಿಗೆ, ಯಾವ ಗೋಡೆಯ ಮೇಲೂ ನೇರವಾಗಿ ಬರೆಸುವುದಿಲ್ಲ ಎಂದಾಯಿತು. ಬೇಕಾದದ್ದು ಗೋಡೆಯಿಂದ ಬೇರೆಯಾಗಿ ನಿಲ್ಲುವ ಹಲಗೆ.

8 ಮಿಲಿಮೀಟರ್ ದಪ್ಪದ ಫೈಬರ್ ಸಿಮೆಂಟ್ ಬೋರ್ಡ್, 8 ಅಡಿ × 4 ಅಡಿ. ಪ್ಲೈವುಡ್ ಬೇಡ ಎಂದದ್ದು ಗೆದ್ದಲಿಗೆ ಹೆದರಿ. ಹಿಂದೆ ಒಂದು ಇಂಚು ಗಾಳಿಯಾಡುವ ಸಂದು ಉಳಿಯುವಂತೆ ಜಿಐ (ಸತು ಲೇಪಿತ ಕಬ್ಬಿಣ) ಚೌಕ ಪೈಪಿನ ಚೌಕಟ್ಟು. ಬೋರ್ಡಿನ ಬೆನ್ನಿಗೂ ನಾಲ್ಕೂ ಅಂಚಿಗೂ ಪ್ರೈಮರ್ ಕಡ್ಡಾಯ, ಯಾಕೆಂದರೆ ಬೋರ್ಡು ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ಅಂಚಿನಿಂದ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಸಾದಾ ಸ್ಕ್ರೂ ಹಾಕಿದರೆ ಎರಡನೇ ವರ್ಷಕ್ಕೆ ತುಕ್ಕಿನ ಕಣ್ಣೀರು ಚಿತ್ತಾರದ ಮೇಲೆ ಇಳಿಯುತ್ತದೆ.

ಬಣ್ಣಕ್ಕೆ ಎರಡು ಅಡಿ ಚೌಕದ ಮೂರು ಮಾದರಿ ತುಂಡು ಬರೆಸಿ ಮುಂದಿನ ಮಳೆಗಾಲ ಪೂರ್ತಿ ಜಗಲಿಯಲ್ಲಿ ನೇತುಹಾಕಿದರು. ಒಂದನೆಯದು ಹಳೆ ಪದ್ಧತಿಯದೇ, ಕೆಮ್ಮಣ್ಣು ಮತ್ತು ಅಕ್ಕಿ. ಎರಡನೆಯದರಲ್ಲಿ ಎರಡಕ್ಕೂ ಅಕ್ರಿಲಿಕ್ ಬೈಂಡರ್ (ಬಣ್ಣವನ್ನು ಹಿಡಿದಿಡುವ ಅಂಟು) ಸೇರಿಸಿತ್ತು. ಮೂರನೆಯದರಲ್ಲಿ ಕೆಮ್ಮಣ್ಣಿಗೆ ಬೈಂಡರ್, ಬಿಳಿಗೆ ಅಕ್ಕಿಯ ಬದಲು ಹೊರಗೋಡೆಯ ಅಕ್ರಿಲಿಕ್ ಬಿಳಿ. ಒಂದನೆಯದು ಜುಲೈಗೇ ಹೋಯಿತು. ಎರಡನೆಯದು ಉಳಿಯಬಹುದು ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಬೈಂಡರ್ ಸೇರಿಸಿದರೂ ಅಕ್ಕಿ ಅಕ್ಕಿಯೇ, ಸೆಪ್ಟೆಂಬರಿಗೆ ಗೆರೆಗಳ ಮೇಲೆ ಹಳದಿ-ಬೂದು ಚುಕ್ಕೆ. ಮೂರನೆಯದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸದರಂತೆ ಬಂತು.

ಹಾಗೆಂದು ಮೂರನೆಯದನ್ನು ಹೆಂಗಸರು ತಕ್ಷಣ ಒಪ್ಪಲಿಲ್ಲ. ಅಕ್ರಿಲಿಕ್ ಬಿಳಿ ಪುಂಡಿ ನಾರಿನಿಂದ ಇಳಿಯುವುದಿಲ್ಲ, ತುದಿಯಲ್ಲೇ ಗಟ್ಟಿಯಾಗುತ್ತದೆ, ಎಳೆ ನಡುವೆ ಕಡಿಯುತ್ತದೆ. ನೀರು ಹೆಚ್ಚಾದರೆ ಎಳೆಯ ಅಂಚು ಹರಡುತ್ತದೆ. ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ನೀರು, ಒಂದು ಸಲಕ್ಕೆ ಅರ್ಧ ಕರಟದಷ್ಟು ಮಾತ್ರ ಕಲಸುವುದು, ನಾರನ್ನು ಮಾಮೂಲಿಗಿಂತ ಹೆಚ್ಚು ಜಜ್ಜಿ ಮೆದು ಮಾಡುವುದು, ಪ್ರತಿ ಎಳೆ ಮುಗಿದ ಕೂಡಲೇ ನೀರಿಗೆ ಅದ್ದುವುದು: ಈ ಹದ ಸಿಗಲು ಮೂರು ದಿನ ಹಿಡಿಯಿತು. ಕೆಮ್ಮಣ್ಣಿನದು ಹೀಗೆ: ತೆಳು ಬಟ್ಟೆಯಲ್ಲಿ ಸೋಸಿದ ಒಂದು ಕೆ.ಜಿ. ಮಣ್ಣಿಗೆ 400 ಮಿ.ಲೀ. ಬೈಂಡರ್, ಸುಮಾರು 600 ಮಿ.ಲೀ. ನೀರು. ಬೈಂಡರ್ ಕಡಿಮೆಯಾದರೆ ಒಣಗಿದ ಮೇಲೂ ಕೈಗೆ ಮಣ್ಣು ಹತ್ತುತ್ತದೆ. ಹೆಚ್ಚಾದರೆ ಮಣ್ಣಿನ ಕಳೆ ಹೋಗಿ ಪ್ಲಾಸ್ಟಿಕ್ ಬಕೆಟ್ಟಿನ ಹೊಳಪು ಬರುತ್ತದೆ.

ವೇದಿಕೆಯ ಗೋಡೆ

ಹೊರಗಿನ ಹಲಗೆಗಳಿಗೆ ಏನು ಬರೆಯುವುದು ಎಂದು ಕೂತಾಗ ಯಾರೂ ಎಣಿಸದ ತಕರಾರು ಬಂತು. ವಧೂವರರಿರುವ ಪೂರ್ಣ ಹಸೆಯೇ ಬೇಕು, ಅದೇ ಎಲ್ಲರಿಗೂ ಗೊತ್ತಿರುವುದು ಎಂದು ಸಮಿತಿ. ಹಿರಿಯ ಚಿತ್ತಾರಗಿತ್ತಿ ತಲೆ ಅಲ್ಲಾಡಿಸಿದಳು. “ಹಸೆ ಬರ್ದ ಮ್ಯಾಲೆ ಅದ್ರ ಕೆಳಗೆ ಮದುಮಕ್ಳು ಕೂರ್ಬೇಕು ತಮಾ. ಮದ್ವೆ ಇಲ್ದೆ ಹಸೆ ಬರ್ದು, ಅದ್ರ ಕೆಳಗೆ ಚಪ್ಲಿ ಬಿಡ್ತೀರಾ?” ಅದೇ ಸಭೆಯಲ್ಲಿ ಬೇರೆ ಸಮುದಾಯದ ಇಬ್ಬರು, ಭವನ ಎಲ್ಲರದೂ ಆದ ಮೇಲೆ ಒಂದೇ ಜಾತಿಯ ಚಿತ್ರ ಯಾಕೆ ಎಂದು ಕೇಳಿದರು. ಎರಡೂ ಪ್ರಶ್ನೆ ನ್ಯಾಯವಾದದ್ದೇ.

ಎರಡಕ್ಕೂ ಒಂದೇ ಉತ್ತರ ಸಿಕ್ಕಿತು. ಜಗಲಿಯ ಆರು ಹಲಗೆಗಳಿಗೆ ಮದುವೆಗೆ ಸೇರದ ವಸ್ತು: ತೇರು, ಗದ್ದೆ ನಾಟಿ, ಅಡಿಕೆ ಮರ, ಭೂಮಿ ಹುಣ್ಣಿಮೆಯ ಬುಟ್ಟಿಯ ಅಂಚುಗಳು. ಒಳಗೆ ವೇದಿಕೆಯ ಹಿಂದೆ ಎರಡು ಬೋರ್ಡು ಜೋಡಿಸಿದ 8 ಅಡಿ ಚೌಕ, ಅದನ್ನು ಖಾಲಿ ಬಿಡುವುದು. ಬರಿ ಕೆಮ್ಮಣ್ಣು ಸಾರಿಸಿರುವುದು. ಮದುವೆ ಮಾಡುವ ಮನೆಯವರು ತಮ್ಮ ಪದ್ಧತಿಯಂತೆ ಹಸೆಯನ್ನೋ ರಂಗೋಲಿಯನ್ನೋ ಬರೆಸಿಕೊಳ್ಳಲಿ, ಮುಂದಿನವರು ಸಾರಿಸಿ ಮತ್ತೆ ಬರೆಯಲಿ. ಅಲ್ಲಿ ಅಕ್ಕಿ ಹಿಟ್ಟೇ ಸರಿ. ಹೊರಗೆ ಬಾಳಿಕೆಗಾಗಿ ಸಾಮಗ್ರಿ ಬದಲಾಯಿತು, ಒಳಗೆ ಬಾಳಿಕೆಯ ಆಸೆಯನ್ನೇ ಬಿಟ್ಟದ್ದಾಯಿತು. ದುಡ್ಡು ಕೊಟ್ಟು ಖಾಲಿ ಹಲಗೆ ಯಾಕೆ ಎಂಬ ಆಕ್ಷೇಪಣೆ ಲೆಕ್ಕ ಪರಿಶೋಧನೆಯಲ್ಲಿ ಬರಬಹುದೆಂದು ಠರಾವಿನಲ್ಲೇ ಅದರ ಉದ್ದೇಶ ಬರೆದಿಟ್ಟರು. ಬಂತು ಕೂಡ. ಠರಾವು ತೋರಿಸಿದ ಮೇಲೆ ಮುಗಿಯಿತು.

ಈ ಖಾಲಿ ಹಲಗೆಯಲ್ಲೂ ಒಂದು ಎಡವಟ್ಟು. ಫ್ಯಾಬ್ರಿಕೇಶನ್ ಹುಡುಗರು ಎಂಟೂ ಬೋರ್ಡಿಗೆ ಪ್ರೈಮರ್ ಹೊಡೆದರು. ಅದರ ಮೇಲೆ ಸಾರಿಸಿದ ಕೆಮ್ಮಣ್ಣು ಮರುದಿನ ಹಪ್ಪಳದಂತೆ ಎದ್ದು ನಿಂತಿತು. ಬರಿ ಮಣ್ಣಿಗೆ ನೀರು ಹೀರುವ ಮೈ ಬೇಕು, ಪ್ರೈಮರ್ ಅದನ್ನೇ ಮುಚ್ಚುತ್ತದೆ. ಅದೃಷ್ಟಕ್ಕೆ ಆ ಎರಡು ಬೋರ್ಡಿನ ಬೆನ್ನಿಗೆ ಇನ್ನೂ ಹೊಡೆದಿರಲಿಲ್ಲ. ತಿರುಗಿಸಿ ಕೂರಿಸಿದರು.

ಕರಾರು, ಹಣ

ಎರಡನೇ ಸಲ ಕೆಲಸ ನೇರವಾಗಿ ಹೆಂಗಸರ ಸ್ವಸಹಾಯ ಸಂಘಕ್ಕೆ. ದರ ಅಡಿಗೆ ಅಲ್ಲ, ಒಪ್ಪಿದ ಕರಡು ಚಿತ್ರಕ್ಕೆ. ನಾಲ್ವರಿಗೆ 14 ದಿನ, ದಿನಕ್ಕೆ ತಲಾ 1,500ರಂತೆ 84,000. ಕರಡು ಮತ್ತು ಮೇಲುಸ್ತುವಾರಿಗೆ ಹಿರಿಯಳಿಗೆ ಬೇರೆಯಾಗಿ 12,000, ಮೂರು ಮಾದರಿಗೆ 6,000. ಮಾದರಿ ಬರೆಸಿ ‘ಇಷ್ಟ ಆದ್ರೆ ಹೇಳ್ತೀವಿ’ ಎನ್ನುವುದು ಬಿಟ್ಟಿ ಚಾಕರಿ, ಅದಕ್ಕೂ ಹಣ ಕೊಡಬೇಕು. ಒಂಬತ್ತು ಬೋರ್ಡಿಗೆ 12,600, ಚೌಕಟ್ಟು ಮತ್ತು ಕೂರಿಸುವುದಕ್ಕೆ 26,000, ಪ್ರೈಮರ್-ಬೈಂಡರ್-ಬಣ್ಣಕ್ಕೆ 9,500, ಸಾಗಣೆ-ಊಟಕ್ಕೆ 5,000, ಫೋಟೊ ದಾಖಲೆ ಮತ್ತು ಹೆಸರಿನ ಫಲಕಕ್ಕೆ 4,500, ದುರಸ್ತಿಗೆಂದು ತೆಗೆದಿಟ್ಟದ್ದು 10,000, ಇತರೆಗೆ 8,400. ಒಟ್ಟು 1,78,000. ಒಟ್ಟು ಮೊತ್ತದಲ್ಲಿ ಬರೆದವರ ಪಾಲೇ ದೊಡ್ಡದು ಎಂಬುದನ್ನು ಮೊದಲ ಸಲದ ಬಿಲ್ಲಿನ ಪಕ್ಕ ಇಟ್ಟು ನೋಡಬೇಕು.

ಹಣ ಯಾರ ಖಾತೆಗೆ ಎಂಬುದೂ ಚರ್ಚೆಯಾಯಿತು. ಇಬ್ಬರ ಮನೆಯವರು ತಮ್ಮ ಖಾತೆ ಸಂಖ್ಯೆ ಕೊಟ್ಟಿದ್ದರು. ಸಂಘದ ಮೂಲಕ ಪ್ರತಿಯೊಬ್ಬಳ ಸ್ವಂತ ಖಾತೆಗೇ ಹೋಗಬೇಕು ಎಂದು ಕರಾರಿನಲ್ಲಿ ಸೇರಿತು.

ಕರಾರನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಬರೆದು, ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳಿದರು. ಕೃತಿಸ್ವಾಮ್ಯ ಕಾಯ್ದೆ 1957ರ 57ನೇ ಕಲಂ ಪ್ರಕಾರ ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ವಿರೂಪ ಮಾಡದಂತೆ ತಡೆಯುವ ಹಕ್ಕು ಕಲಾವಿದರಿಗೆ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದಕ್ಕೆ, 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅದನ್ನು ನೆನಪಿಟ್ಟುಕೊಂಡೇ ಒಂದು ಷರತ್ತು ಸೇರಿಸಿದರು: ಹಲಗೆ ತೆಗೆಯಬೇಕಾದರೆ 60 ದಿನ ಮೊದಲು ಬರೆದವರಿಗೆ ತಿಳಿಸಬೇಕು, ಬೇಡವೆನಿಸಿದರೆ ಅವರಿಗೇ ಕೊಡಬೇಕು. ಇನ್ನೊಂದು ಷರತ್ತು: ಪಂಚಾಯಿತಿ ತನ್ನ ವರದಿ, ಆಮಂತ್ರಣಗಳಿಗೆ ಫೋಟೊ ಬಳಸಬಹುದು, ಸೀರೆ, ಚೀಲ, ಕ್ಯಾಲೆಂಡರ್ ಮಾಡಿ ಮಾರುವುದಾದರೆ ಬೇರೆ ಒಪ್ಪಂದ. ಹಕ್ಕಿನ ವರ್ಗಾವಣೆ ಬರಹದಲ್ಲಿಲ್ಲದಿದ್ದರೆ ನಿಲ್ಲುವುದಿಲ್ಲ, ಅವಧಿ ಬರೆಯದಿದ್ದರೆ 19ನೇ ಕಲಂ ಅದನ್ನು ಐದು ವರ್ಷವೆಂದೇ ಎಣಿಸುತ್ತದೆ. ‘ಎಲ್ಲ ಹಕ್ಕು ಪಂಚಾಯಿತಿಯದು’ ಎಂದು ಒಂದು ಸಾಲು ಗೀಚಿ ಕೂರುವವರು ಇದನ್ನು ತಿಳಿದಿರಬೇಕು.

ಕೆಲಸದ ದಿನಗಳು

ದಿನ ಗೊತ್ತು ಮಾಡುವುದೇ ಕಷ್ಟವಾಯಿತು. ಅಡಿಕೆ ಕೊಯ್ಲು ಮುಗಿಯುವವರೆಗೆ ಹೆಂಗಸರಿಗೆ ಬಿಡುವಿಲ್ಲ, ಹಗಲು ಮನೆಗೆಲಸ, ರಾತ್ರಿ ಅಡಿಕೆ ಸುಲಿಯುವುದು. ಅದು ಮುಗಿಯುವ ಹೊತ್ತಿಗೆ ಕಚೇರಿಗೆ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರ ಜ್ವರ. ಬಿಲ್ಲಿಗಾಗಿ ಅವಸರದಿಂದ ಬರೆಸಿದರೆ ಮೊದಲ ಸಲದ ಕಥೆಯೇ. ಕೆಲಸವನ್ನು ಎರಡು ಕಾರ್ಯಾದೇಶವಾಗಿ ಒಡೆದರು. ಬೋರ್ಡು, ಚೌಕಟ್ಟು, ಪ್ರೈಮರ್ ಮಾರ್ಚ್ ಒಳಗೆ. ಚಿತ್ತಾರ ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ, ಏಪ್ರಿಲ್ ಮೊದಲ ವಾರದಿಂದ.

ಬೋರ್ಡುಗಳನ್ನು ಜಗಲಿಯಲ್ಲಿ ಅಡ್ಡಲಾಗಿ ಬೆಂಚಿನ ಮೇಲಿಟ್ಟು ಬರೆದರೆ ಬೇಗ ಆಗುತ್ತದೆ ಎಂದು ಎಂಜಿನಿಯರ್ ಹೇಳಿದ್ದರು. ಅರ್ಧ ದಿನದಲ್ಲೇ ಕೈಬಿಟ್ಟರು. ಚಿತ್ತಾರದ ಕೈ ನಿಂತ ಗೋಡೆಗೆ ಪಳಗಿದ ಕೈ, ನೂಲಿಗೆ ಬಣ್ಣ ಅದ್ದಿ ಮಿಡಿದು ನೇರ ಗೆರೆ ಹಾಕಿಕೊಳ್ಳುವುದೂ ನಿಂತ ಮೈಮೇಲೆಯೇ. ಬೆಳಿಗ್ಗೆ ಏಳರಿಂದ ಹತ್ತೂವರೆ, ಮಧ್ಯಾಹ್ನ ಮೂರೂವರೆಯಿಂದ ಆರು. ನಡುವಿನ ಬಿಸಿಲಿನಲ್ಲಿ ಅಕ್ರಿಲಿಕ್ ನಾರಿನಲ್ಲೇ ಒಣಗುತ್ತದೆ. 14 ದಿನದ ಲೆಕ್ಕ 17ಕ್ಕೆ ಹೋಯಿತು, ಹೆಚ್ಚುವರಿ ಮೂರು ದಿನಕ್ಕೆ ಇತರೆ ಬಾಬಿನಿಂದ ಕೊಟ್ಟರೂ ಪೂರ್ತಿ ಸಾಲಲಿಲ್ಲ. ಇಂಥ ಕೆಲಸಕ್ಕೆ ದಿನಗಳ ಮೇಲೆ ನಾಲ್ಕನೇ ಒಂದು ಪಾಲು ಹೆಚ್ಚಿಗೆ ಹಿಡಿಯುವುದು ವಾಸಿ. ಕೊನೆಗೆ ಹೊಳಪಿನ ವಾರ್ನಿಷ್ ಬೇಡವೆಂದು ಹೊಳಪಿಲ್ಲದ ಅಕ್ರಿಲಿಕ್ ಲೇಪ ಒಂದೇ ಕೋಟ್. ಹೊಳಪಿದ್ದರೆ ಟ್ಯೂಬ್‌ಲೈಟಿನಲ್ಲಿ ಬೆಳಕು ಕಾಣುತ್ತದೆ, ಎಳೆ ಕಾಣುವುದಿಲ್ಲ.

ಎರಡು ಮಳೆಗಾಲದ ನಂತರ

ಆರೂ ಹಲಗೆಯಲ್ಲಿ ಉಪ್ಪಿಲ್ಲ, ಬೂಸ್ಟಿಲ್ಲ. ಭವನಕ್ಕೆ ಸುಣ್ಣಬಣ್ಣ ಮಾಡುವಾಗ ಸ್ಕ್ರೂ ಬಿಚ್ಚಿ ಹಲಗೆಗಳನ್ನು ಒಳಗಿಟ್ಟು, ಮುಗಿದ ಮೇಲೆ ಕೂರಿಸಿದರು. ಗೋಡೆಯ ಮೇಲಿದ್ದಿದ್ದರೆ ಪೇಂಟರ್ ರೋಲರ್ ಅಂಚಿನ ಎರಡು ಸಾಲು ನುಂಗಿರುತ್ತಿತ್ತು.

ಹಾನಿ ಬಂದದ್ದು ಯಾರೂ ನೋಡದ ಕಡೆಯಿಂದ, ಪ್ಲಾಸ್ಟಿಕ್ ಕುರ್ಚಿಗಳಿಂದ. ಕಾರ್ಯಕ್ರಮ ಮುಗಿದ ಮೇಲೆ ಹದಿನೈದು-ಇಪ್ಪತ್ತು ಕುರ್ಚಿಯ ಅಟ್ಟಿಯನ್ನು ಜಗಲಿಯ ಗೋಡೆಗೆ ಒರಗಿಸುತ್ತಾರೆ. ಹಲಗೆಯ ಕೆಳ ಅಂಚು ನೆಲದಿಂದ ಎರಡು ಅಡಿಗೆ ಇತ್ತು, ಕುರ್ಚಿಯ ಬೆನ್ನು ಸರಿಯಾಗಿ ಅಲ್ಲಿಗೇ ತಾಗುತ್ತದೆ. ಎರಡು ಹಲಗೆಯಲ್ಲಿ ಅಂಗೈಯಷ್ಟು ಜಾಗ ಉಜ್ಜಿ ಬೂದು ಬೋರ್ಡು ಕಾಣಿಸಿತು. ದುರಸ್ತಿ ನಿಧಿಯಿಂದ ಅದೇ ಹೆಂಗಸರು ಎರಡು ದಿನದಲ್ಲಿ ಸರಿಮಾಡಿದರು. ಜಗಲಿಯ ಉದ್ದಕ್ಕೂ ಗೋಡೆಯಿಂದ ಒಂಬತ್ತು ಇಂಚು ಮುಂದೆ, ನೆಲದಿಂದ ಮೂರಡಿ ಎತ್ತರಕ್ಕೆ ಒಂದು ಜಿಐ ಪೈಪಿನ ತಡೆ ಹಾಕಿದ್ದಾರೆ. ಮೊದಲ ದಿನವೇ ಹಾಕಬೇಕಿತ್ತು.

ವೇದಿಕೆಯ ಖಾಲಿ ಹಲಗೆಯ ಮೇಲೆ ಮೊದಲ ವರ್ಷ ನಡೆದ ಮದುವೆಗಳಲ್ಲಿ ಐದಕ್ಕೆ ಹಸೆ ಬರೆಸಿದರು, ಒಂದಕ್ಕೆ ಮನೆಯವರೇ ಶೇಡಿಯಲ್ಲಿ (ಬಿಳಿ ಮಣ್ಣಿನಲ್ಲಿ) ರಂಗೋಲಿ ಎಳೆದರು. ಉಳಿದವರದು ಡೆಕೊರೇಶನ್‌ನವರು ತಂದ ಬಟ್ಟೆ, ಪ್ಲಾಸ್ಟಿಕ್ ಹೂವು. ಬಟ್ಟೆ ಕಟ್ಟಲು ಅವರು ಹಲಗೆಗೇ ಮೊಳೆ ಹೊಡೆಯಲು ಹೋದಾಗ ಭವನದ ಕಾವಲಿನವ ತಡೆದ. ಈಗ ಚೌಕಟ್ಟಿನ ಮೇಲುದ್ದಕ್ಕೆ ಅಡಿಗೊಂದರಂತೆ ಎಂಟು ಕೊಕ್ಕೆ ಬೆಸೆಸಿದ್ದಾರೆ, ಬಟ್ಟೆ ಅದಕ್ಕೇ ಕಟ್ಟುತ್ತಾರೆ.